ಗೇಟಿಗೂ ಬೀಗ, ಬೀರುವಿಗೂ ಬೀಗ: ಮನೆಯ ನೆಟ್‌ವರ್ಕಿಗೆ ಎರಡು ಫೈರ್‌ವಾಲ್

ಜುಲೈ ಕೊನೆಯ ವಾರ. ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕುವವರ ಗಡಿಬಿಡಿ. ದಾವಣಗೆರೆಯ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಸಣ್ಣ ವ್ಯಾಪಾರಿಗಳ ಜಿಎಸ್‌ಟಿ, ಟ್ಯಾಕ್ಸ್ ಕೆಲಸ ಮಾಡಿಕೊಡುತ್ತೇನೆ. ಆವತ್ತು ಮಗನ ಜೊತೆ ಓದಲು ಒಬ್ಬ ಹುಡುಗ ಬಂದಿದ್ದ. ವೈಫೈ ಪಾಸ್‌ವರ್ಡ್ ಕೇಳಿದ, ಕೊಟ್ಟೆ. ಅರ್ಧ ಗಂಟೆ ಬಿಟ್ಟು ತನ್ನ ಲ್ಯಾಪ್‌ಟಾಪ್ ಹಿಡಿದುಕೊಂಡೇ ನನ್ನ ಕೋಣೆಗೆ ಬಂದ. "ಆಂಟಿ, ಇದು ನಿಮ್ಮ ಕಂಪ್ಯೂಟರಾ?" ಎಂದ.

ಅವನ ಪರದೆಯ ಮೇಲೆ ನನ್ನ ಫೋಲ್ಡರುಗಳು. 'ಅಡಿಕೆ ಮಂಡಿ', 'ಹೋಟೆಲ್‌ನವರು', 'ಪ್ಯಾನ್ ಆಧಾರ್ ಸ್ಕ್ಯಾನ್'. ಒಂದನ್ನು ಒತ್ತಿದರೆ ತೆರೆದುಕೊಂಡಿತು. ಪಾಸ್‌ವರ್ಡ್ ಕೇಳಲೇ ಇಲ್ಲ. ಒಳ್ಳೆಯ ಹುಡುಗ, ಬಂದು ಹೇಳಿದ. ನನಗಂತೂ ಕೈ ತಣ್ಣಗಾಯಿತು. ಅವು ನನ್ನ ಕಾಗದಗಳಲ್ಲ. ನನ್ನನ್ನು ನಂಬಿ ಕೊಟ್ಟ ನೂರಾರು ಜನರ ಕಾಗದಗಳು.

"ರೂಟರ್‌ನಲ್ಲಿ ಫೈರ್‌ವಾಲ್ ಇದೆ, ಭಯ ಇಲ್ಲ" ಎಂದು ಅಲ್ಲಿಯವರೆಗೆ ಅಂದುಕೊಂಡಿದ್ದೆ. ಫೈರ್‌ವಾಲ್ ಎಂದರೆ ನೆಟ್‌ವರ್ಕಿನಲ್ಲಿ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ನೋಡುವ ಕಾವಲುಗಾರ. ಫೈರ್‌ವಾಲ್ ಇತ್ತು, ಆನ್ ಕೂಡ ಆಗಿತ್ತು. ಆದರೆ ಆ ಹುಡುಗ ಗೇಟು ದಾಟಿ ಬಂದವನಲ್ಲ. ನಾನೇ ಒಳಗೆ ಕರೆದು ಕೂರಿಸಿದವನು. ಮನೆಯ ಗೇಟಿಗೆ ಬೀಗ ಹಾಕಿದ ಮಾತ್ರಕ್ಕೆ ಬೀರುವಿನ ಬಾಗಿಲು ತೆರೆದಿಡುತ್ತೇವಾ? ಅಂದಿನಿಂದ ಮೂರು ಸಂಜೆ ಕೂತು ಎರಡನ್ನೂ ಸರಿ ಮಾಡಿದೆ. ಹೇಗೆ ಮಾಡಿದೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ಮನೆಯಿಂದ ಕೆಲಸ ಮಾಡುವ ಯಾರಿಗಾದರೂ ಇದು ಬೇಕಾಗುತ್ತದೆ.

ಯಾವುದು ಏನು ಮಾಡುತ್ತದೆ

ಹಾರ್ಡ್‌ವೇರ್ ಫೈರ್‌ವಾಲ್ ಎಂದರೆ ಬೇರೆ ಪೆಟ್ಟಿಗೆ ಕೊಳ್ಳಬೇಕಿಲ್ಲ. ಫೈಬರ್ ಹಾಕಿದವರು ಕೊಟ್ಟ ರೂಟರಿನೊಳಗೇ ಅದು ಇರುತ್ತದೆ. ಮನೆಯಿಂದ ಯಾವ ಕೋರಿಕೆ ಹೊರಗೆ ಹೋಯಿತು ಎಂಬುದನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಅದಕ್ಕೆ ಬಂದ ಉತ್ತರವನ್ನು ಮಾತ್ರ ಒಳಗೆ ಬಿಡುತ್ತದೆ. ಕರೆಯದೆ ಬಂದವರನ್ನು ಗೇಟಿನಲ್ಲೇ ನಿಲ್ಲಿಸುತ್ತದೆ. ಮನೆಯ ಟಿವಿ, ಕ್ಯಾಮೆರಾ, ಪ್ರಿಂಟರ್ ಇವುಗಳಲ್ಲಿ ಸ್ವಂತ ಫೈರ್‌ವಾಲ್ ಹಾಕಿಕೊಳ್ಳಲು ನಮಗೆ ದಾರಿ ಇಲ್ಲ. ಅವುಗಳಿಗೆ ರೂಟರೇ ಗತಿ.

ರೂಟರಿಗೆ ಕಾಣದ್ದು ಎರಡು ಇವೆ. ಮೊದಲನೆಯದು, ಮನೆಯೊಳಗಿನ ಮಾತುಕತೆ. ಹುಡುಗನ ಲ್ಯಾಪ್‌ಟಾಪಿನಿಂದ ನನ್ನ ಕಂಪ್ಯೂಟರಿಗೆ ಹೋದದ್ದು ಅದೇ ಪೆಟ್ಟಿಗೆಯ ಮೂಲಕ, ನಿಜ. ಆದರೆ ಮನೆಯ ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ ಎಂಬ ಭಾಗದಲ್ಲೇ ಅದು ತಿರುಗಿ ಹೋಗುತ್ತದೆ. ಫೈರ್‌ವಾಲ್ ಇರುವ ಬಾಗಿಲ ಹತ್ತಿರ ಬರುವುದೇ ಇಲ್ಲ. ಎರಡನೆಯದು, ಪ್ರೋಗ್ರಾಂ. ಯಾವ ವಿಳಾಸಕ್ಕೆ, ಯಾವ ಪೋರ್ಟಿಗೆ ಎಂಬ ಸಂಖ್ಯೆಗಳು ರೂಟರಿಗೆ ಕಾಣುತ್ತವೆ. ಪೋರ್ಟ್ ಎಂದರೆ ಯಂತ್ರದಲ್ಲಿ ಒಂದೊಂದು ಕೆಲಸಕ್ಕೆ ಇರುವ, ಸಂಖ್ಯೆ ಹಾಕಿದ ಬಾಗಿಲು. ಅದನ್ನು ಕಳಿಸಿದ್ದು ಬ್ರೌಸರೋ, ಟ್ಯಾಲಿಯೋ, ಯಾವುದೋ ಕಳ್ಳ ಪ್ರೋಗ್ರಾಮೋ ಎಂದು ತಿಳಿಯುವುದಿಲ್ಲ. ಈ ಎರಡೂ ಕಾಣುವುದು ಕಂಪ್ಯೂಟರಿನಲ್ಲೇ ಇರುವ ಸಾಫ್ಟ್‌ವೇರ್ ಫೈರ್‌ವಾಲ್‌ಗೆ.

2017ರ ಮೇ 12ರಂದು ಹರಡಿದ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುತ್ತಿದ್ದ ವಾನಾಕ್ರೈ ಎಂಬ ಕಳ್ಳ ಪ್ರೋಗ್ರಾಂ ನೆನಪಿದೆಯಲ್ವಾ? ಫೈಲ್ ಹಂಚಿಕೊಳ್ಳಲು ವಿಂಡೋಸ್ ಬಳಸುವ 445ನೇ ಪೋರ್ಟಿನ ಮೂಲಕವೇ ಅದು ನುಗ್ಗಿದ್ದು. ಒಂದು ಕಂಪ್ಯೂಟರಿಗೆ ಬಂತೆಂದರೆ ಅದೇ ನೆಟ್‌ವರ್ಕಿನ ಪಕ್ಕದ ಕಂಪ್ಯೂಟರುಗಳಿಗೆ ತಾನೇ ಹರಡುತ್ತಿತ್ತು. ಮೈಕ್ರೋಸಾಫ್ಟ್ ಅದರ ಎರಡು ತಿಂಗಳ ಹಿಂದೆ, ಮಾರ್ಚಿನಲ್ಲೇ ಆ ತೂತಿಗೆ ತೇಪೆ ಹಾಕುವ ಅಪ್‌ಡೇಟ್ ಕೊಟ್ಟಿತ್ತು. ಹಾಕಿಕೊಳ್ಳದವರು ಅನುಭವಿಸಿದರು. ನನ್ನ 'ಅಡಿಕೆ ಮಂಡಿ' ಫೋಲ್ಡರ್ ಹುಡುಗನಿಗೆ ಕಂಡದ್ದೂ ಅದೇ 445ರಿಂದ.

ಮೊದಲ ಸಂಜೆ: ರೂಟರ್

ಬ್ರೌಸರಿನಲ್ಲಿ ರೂಟರಿನ ವಿಳಾಸ ಹಾಕಿ. ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಅದು ಬರದಿದ್ದರೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಎಂಬ ಆಜ್ಞೆ ಕೊಡಿ. 'ಡೀಫಾಲ್ಟ್ ಗೇಟ್‌ವೇ' ಎದುರು ಇರುವುದೇ ಆ ವಿಳಾಸ. ಲಾಗಿನ್ ಹೆಸರು, ಪಾಸ್‌ವರ್ಡ್ ಪೆಟ್ಟಿಗೆಯ ಅಡಿಯ ಚೀಟಿಯಲ್ಲಿ ಇರುತ್ತದೆ. ಒಳಗೆ ಹೋದ ತಕ್ಷಣ ಆ ಪಾಸ್‌ವರ್ಡ್ ಬದಲಿಸಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ರೂಟರನ್ನೇ ಆಳುವ ಪಾಸ್‌ವರ್ಡ್. ಅದು ಬೇರೆಯವರ ಕೈಗೆ ಸಿಕ್ಕರೆ ಬೇಲಿಯೇ ಎದ್ದು ಹೊಲ ಮೇಯುತ್ತದೆ.

ಆಮೇಲೆ ಫರ್ಮ್‌ವೇರ್, ಅಂದರೆ ರೂಟರಿನೊಳಗಿನ ಸಾಫ್ಟ್‌ವೇರಿಗೆ ಅಪ್‌ಡೇಟ್ ಇದ್ದರೆ ಹಾಕಿ. 'ರಿಮೋಟ್ ಮ್ಯಾನೇಜ್‌ಮೆಂಟ್' ಎಂದು ಇದ್ದರೆ ಆಫ್ ಮಾಡಿ. ಮನೆಯ ಹೊರಗಿನಿಂದ ಈ ಪುಟ ತೆರೆಯುವ ಅಗತ್ಯ ಯಾರಿಗೂ ಇಲ್ಲ. ಫೈರ್‌ವಾಲ್ ಆನ್ ಇದೆಯೇ ನೋಡಿ. 'ಡಿಎಂಝಡ್' ಎಂಬಲ್ಲಿ ಯಾವ ವಿಳಾಸವೂ ಇರಬಾರದು. ಅಲ್ಲಿ ಬರೆದ ಯಂತ್ರಕ್ಕೆ ಗೇಟೇ ಇಲ್ಲದ ಹಾಗೆ.

ಇನ್ನು ಪೋರ್ಟ್ ಫಾರ್ವರ್ಡಿಂಗ್ ಪುಟ. ಹೊರಗಿನಿಂದ ಒಂದು ಪೋರ್ಟಿಗೆ ಬಂದವರನ್ನು ಮನೆಯೊಳಗಿನ ಯಾವ ಯಂತ್ರಕ್ಕೆ ಕಳಿಸಬೇಕು ಎಂದು ಬರೆಯುವ ಜಾಗ ಇದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ನಾನು ಅಲ್ಲಿ ಏನೂ ಹಾಕಿರಲಿಲ್ಲ. ಆದರೂ ಮೂರು ಸಾಲು ಇದ್ದವು: 80, 554, 8000. ಮೂರೂ ಒಂದೇ ಯಂತ್ರದ ಕಡೆ ತೋರಿಸುತ್ತಿದ್ದವು. ಯಾವುದು ಎಂದು ರೂಟರಿನ ಪಟ್ಟಿಯಲ್ಲಿ ಹುಡುಕಿದರೆ, ಮೆಟ್ಟಿಲ ಕೆಳಗಿರುವ, ಸಿಸಿಟಿವಿ ದೃಶ್ಯ ದಾಖಲಿಸುವ ಡಿವಿಆರ್. ಎರಡು ವರ್ಷದ ಹಿಂದೆ ಕ್ಯಾಮೆರಾ ಹಾಕಿದವರು, ಫೋನಿನಲ್ಲಿ ನೋಡಲು ಅನುಕೂಲ ಆಗಲಿ ಎಂದು ಈ ಮೂರು ಕಿಂಡಿ ತೆರೆದು ಹೋಗಿದ್ದರು. ಅದಕ್ಕೆಂದೇ ಆಗ ಸ್ಟ್ಯಾಟಿಕ್ ಐಪಿಯನ್ನೂ, ಅಂದರೆ ಬದಲಾಗದ ಹೊರವಿಳಾಸವನ್ನೂ ತೆಗೆದುಕೊಂಡಿದ್ದೆವು. ಡಿವಿಆರ್ ಪಾಸ್‌ವರ್ಡ್ ಹಾಕಿ ನೋಡಿದೆ. 12345. ಎರಡು ವರ್ಷ ನಮ್ಮ ಅಂಗಳ, ನಮ್ಮ ಬಾಗಿಲು, ಬರುವ ಹೋಗುವ ಗಿರಾಕಿಗಳು, ಎಲ್ಲವನ್ನೂ ಲೋಕದ ಯಾರು ಬೇಕಾದರೂ ನೋಡಬಹುದಿತ್ತು. ನಮ್ಮವರನ್ನು ಕರೆದು ತೋರಿಸಿದೆ. ಅವರು ಮಾತಾಡಲಿಲ್ಲ, ಸುಮ್ನೆ ನಿಂತು ನೋಡಿದರು.

ನೋಡುವುದಷ್ಟೇ ಅಲ್ಲ. 2016ರಲ್ಲಿ ಮಿರಾಯ್ ಎಂಬ ಕಳ್ಳ ಪ್ರೋಗ್ರಾಂ ಹೀಗೆಯೇ ಡಿವಿಆರ್, ಕ್ಯಾಮೆರಾಗಳನ್ನು ಹುಡುಕಿಕೊಂಡು ಹೋಗಿತ್ತು. ಕಂಪನಿಯಿಂದ ಬರುವಾಗಲೇ ಇರುವ 60ಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದಾದ ಮೇಲೊಂದು ಹಾಕಿ ನೋಡುತ್ತಿತ್ತು. ಹಾಗೆ ಸಿಕ್ಕ ಯಂತ್ರಗಳನ್ನೆಲ್ಲ ಸೇರಿಸಿ ಆ ವರ್ಷದ ಅಕ್ಟೋಬರ್ 21ರಂದು ಜಾಲತಾಣದ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಬಿಟ್ಟರು. ಅಮೆರಿಕದಲ್ಲಿ ದೊಡ್ಡ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ತೆರೆಯಲಿಲ್ಲ. ಹೀಗೆ ಸಿಕ್ಕಿಬಿದ್ದ ಡಿವಿಆರ್ ನಿಮ್ಮ ಮನೆಯದಾದರೆ ಅದು ನಿಮ್ಮ ಕಂಪ್ಯೂಟರಿನ ಪಕ್ಕದಲ್ಲೇ ಕೂತಿರುತ್ತದೆ. ಅದನ್ನೂ ಯೋಚಿಸಬೇಕು.

ಮೂರೂ ಸಾಲು ಅಳಿಸಿದೆ. ಡಿವಿಆರ್‌ಗೆ ಉದ್ದದ ಪಾಸ್‌ವರ್ಡ್ ಇಟ್ಟು, ಅದರ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೆ. ಫೋನಿನಲ್ಲಿ ನೋಡಲು ಅದರದೇ ಆ್ಯಪ್ ಸಾಕಾಯಿತು. ಅದರಲ್ಲಿ ಡಿವಿಆರ್ ತಾನೇ ಹೊರಗೆ ಸಂಪರ್ಕ ಮಾಡುತ್ತದೆ, ಗೇಟಿನಲ್ಲಿ ಕಿಂಡಿ ಬೇಡ.

ಅದೇ ಪುಟದ ಆಚೀಚೆ 'ಯುಪಿಎನ್‌ಪಿ' ಇರುತ್ತದೆ. ಮನೆಯ ಯಾವುದೇ ಯಂತ್ರ ಕೇಳಿದರೂ ನಮ್ಮನ್ನು ಕೇಳದೆ ಪೋರ್ಟ್ ತೆರೆದುಕೊಡುವ ಸೌಲಭ್ಯ ಅದು. ಆಫ್ ಮಾಡಿ. ಮಕ್ಕಳ ಗೇಮಿನಲ್ಲಿ ಮಾತು ಕೇಳಿಸುತ್ತಿಲ್ಲ ಎಂದು ದೂರು ಬರಬಹುದು. ಬಂದರೆ ಆ ಗೇಮಿಗೆ ಬೇಕಾದ ಪೋರ್ಟ್ ಒಂದನ್ನೇ ಆ ಒಂದು ಯಂತ್ರಕ್ಕೆ ತೆರೆದರಾಯಿತು. ನನ್ನ ಮಗನಿಗೆ ಏನೂ ವ್ಯತ್ಯಾಸ ಆಗಲಿಲ್ಲ.

ಐಪಿವಿ6 ಮರೆಯಬೇಡಿ. ಇಂಟರ್‌ನೆಟ್ ವಿಳಾಸದ ಹೊಸ ಬಗೆ ಅದು. ಹಳೆಯ ಐಪಿವಿ4ನಲ್ಲಿ ಮನೆಯ ಎಲ್ಲ ಯಂತ್ರಗಳೂ ಒಂದೇ ಹೊರವಿಳಾಸದ ಹಿಂದೆ ಅಡಗಿರುತ್ತವೆ. ಐಪಿವಿ6ನಲ್ಲಿ ಒಂದೊಂದು ಫೋನಿಗೂ ಅದರದೇ ಹೊರವಿಳಾಸ ಸಿಗುತ್ತದೆ. ಅಡಗುವ ಲಾಭ ಅಲ್ಲಿಲ್ಲ, ಫೈರ್‌ವಾಲ್ ಒಂದೇ ಕಾವಲು. ನಮ್ಮಲ್ಲಿ ಈಗ ಎಷ್ಟೋ ಮನೆಗಳಿಗೆ ಐಪಿವಿ6 ತಾನಾಗಿಯೇ ಬಂದಿದೆ. ರೂಟರಿನಲ್ಲಿ ಐಪಿವಿ6 ಫೈರ್‌ವಾಲ್ ಬೇರೆಯಾಗಿ ಇರಬಹುದು, ಅದೂ ಆನ್ ಇದೆಯೇ ನೋಡಿ.

ಕೆಲವರ ರೂಟರಿನಲ್ಲಿ ಇವ್ಯಾವುದನ್ನೂ ಬದಲಿಸಲು ಬಿಡುವುದಿಲ್ಲ. ಆಗ ನಿಮ್ಮದೇ ಒಂದು ರೂಟರ್ ಕೊಂಡು ಅದರ ಹಿಂದೆ ಹಾಕಿ. ಎರಡೂ 192.168.1.1 ಆದರೆ ಜಗಳವಾಗುತ್ತದೆ. ನಿಮ್ಮದನ್ನು 192.168.50.1 ಮಾಡಿಕೊಳ್ಳಿ. ಕಂಪ್ಯೂಟರ್, ಫೋನ್ ಎಲ್ಲ ನಿಮ್ಮದಕ್ಕೇ ಸೇರಲಿ, ಕಂಪನಿ ಪೆಟ್ಟಿಗೆಯ ವೈಫೈ ಆಫ್ ಆಗಲಿ.

ಗೆಸ್ಟ್ ವೈಫೈ

ಬಂದವರಿಗೆ ಬೇರೆ ವೈಫೈ ಕೊಡಿ. ಬಹುತೇಕ ರೂಟರುಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಇದೆ. ಆನ್ ಮಾಡುವಾಗ 'ಗೆಸ್ಟ್‌ಗಳು ಲೋಕಲ್ ನೆಟ್‌ವರ್ಕ್ ನೋಡಬಹುದೇ' ಎಂಬರ್ಥದ ಆಯ್ಕೆ ಇರುತ್ತದೆ. ಅದು ಆಫ್ ಇರಬೇಕು. ಇಲ್ಲದಿದ್ದರೆ ಹೆಸರಿಗೆ ಮಾತ್ರ ಗೆಸ್ಟ್.

ಉತ್ಸಾಹದಲ್ಲಿ ನಾನು ಟಿವಿ, ಅತ್ತೆಯ ಫೋನ್ ಎಲ್ಲವನ್ನೂ ಗೆಸ್ಟ್‌ಗೆ ಹಾಕಿದೆ. ಮರುದಿನ ಬೆಳಿಗ್ಗೆ ಅತ್ತೆ ಫೋನಿನಿಂದ ಟಿವಿಗೆ ಭಜನೆ ಹಾಕಲು ಹೋದರೆ ಟಿವಿ ಸಿಗಲೇ ಇಲ್ಲ. ಗೆಸ್ಟ್‌ನಲ್ಲಿ ಒಂದು ಯಂತ್ರಕ್ಕೆ ಇನ್ನೊಂದು ಕಾಣುವುದಿಲ್ಲ, ಅದಕ್ಕೆ. ಎರಡನ್ನೂ ಮನೆಯ ವೈಫೈಗೆ ವಾಪಸ್ ತಂದೆ. ಬೆಳಗಿನ ಭಜನೆ ನಿಲ್ಲಿಸಿ ಭದ್ರತೆ ಮಾಡುವುದು ನನಗೆ ಬೇಕಿರಲಿಲ್ಲ. ಡಿವಿಆರ್ ಕೂಡ ತಂತಿಯಲ್ಲೇ ಇದೆ, ಅದನ್ನು ಗೆಸ್ಟ್‌ಗೆ ಹಾಕಲು ಬರುವುದಿಲ್ಲ. ಹೀಗೆ ನನ್ನ ಕಂಪ್ಯೂಟರಿನ ಪಕ್ಕದಲ್ಲಿ ಟಿವಿ, ಡಿವಿಆರ್, ನಾಲ್ಕು ಫೋನ್ ಉಳಿದವು. ಇವುಗಳಿಂದ ಕಾಯಬೇಕಾದದ್ದು ಕಂಪ್ಯೂಟರೇ.

ಎರಡನೇ ಸಂಜೆ: ಕಂಪ್ಯೂಟರ್

ನನ್ನದು ವಿಂಡೋಸ್ 11. ಸ್ಟಾರ್ಟ್‌ನಲ್ಲಿ 'ವಿಂಡೋಸ್ ಸೆಕ್ಯೂರಿಟಿ' ಹುಡುಕಿ, 'ಫೈರ್‌ವಾಲ್ ಆ್ಯಂಡ್ ನೆಟ್‌ವರ್ಕ್ ಪ್ರೊಟೆಕ್ಷನ್' ತೆರೆಯಿರಿ. ಡೊಮೇನ್, ಪ್ರೈವೇಟ್, ಪಬ್ಲಿಕ್ ಎಂಬ ಮೂರೂ ಆನ್ ಇರಬೇಕು. 'ರೂಟರ್‌ನಲ್ಲಿ ಇದೆಯಲ್ಲ, ಇದು ಆಫ್ ಇರಲಿ, ಸಾಫ್ಟ್‌ವೇರ್ ಸರಾಗ ಓಡುತ್ತೆ' ಎಂದು ಹೇಳುವವರು ಇದ್ದಾರೆ. ಅವರ ಮಾತು ಕೇಳಬೇಡಿ. ಒಂದು ಗೇಟಿನಲ್ಲಿ, ಒಂದು ಬೀರುವಿನಲ್ಲಿ ಇದ್ದರೆ ಜಗಳ ಇಲ್ಲ. ಒಂದೇ ಕಂಪ್ಯೂಟರಿನಲ್ಲಿ ಎರಡು ಸಾಫ್ಟ್‌ವೇರ್ ಫೈರ್‌ವಾಲ್ ಓಡಿಸಿದರೆ ಮಾತ್ರ ತೊಂದರೆ. ಆ್ಯಂಟಿವೈರಸ್ ಜೊತೆ ಅದರದೇ ಫೈರ್‌ವಾಲ್ ಬಂದಿದ್ದರೆ ಅದೇ ಇರಲಿ. ಅದರ ಚಂದಾ ಮುಗಿದ ದಿನ, ವಿಂಡೋಸ್‌ನದು ಮತ್ತೆ ಆನ್ ಆಗಿದೆಯೇ ಎಂದು ನೋಡಿಕೊಳ್ಳಿ.

ಮುಂದಿನದು ನೆಟ್‌ವರ್ಕ್ ಬಗೆ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ವೈಫೈ ಅಥವಾ ಈಥರ್‌ನೆಟ್‌ನ ಪ್ರಾಪರ್ಟೀಸ್ ತೆರೆದರೆ ಪಬ್ಲಿಕ್, ಪ್ರೈವೇಟ್ ಎಂಬ ಎರಡು ಆಯ್ಕೆ. ಪಬ್ಲಿಕ್ ಇಟ್ಟರೆ ಅದೇ ನೆಟ್‌ವರ್ಕಿನ ಬೇರೆ ಯಂತ್ರಗಳಿಗೆ ನಿಮ್ಮ ಕಂಪ್ಯೂಟರ್ ಕಾಣುವುದಿಲ್ಲ, ಪ್ರೈವೇಟ್ ಇಟ್ಟರೆ ಕಾಣಬಹುದು. ಯಾವ ಫೋಲ್ಡರನ್ನೂ ಹಂಚದ ಕಂಪ್ಯೂಟರಾದರೆ ಮನೆಯಲ್ಲೂ ಪಬ್ಲಿಕ್ ಇಡಿ. ಮಗನ ಲ್ಯಾಪ್‌ಟಾಪ್ ಹಾಗೇ ಇದೆ. ನನ್ನದರಲ್ಲಿ ಹಂಚಲೇಬೇಕು, ಏಕೆಂದರೆ ನನ್ನ ಹತ್ತಿರ ಕೆಲಸಕ್ಕೆ ಬರುವ ಹುಡುಗಿ ತನ್ನ ಲ್ಯಾಪ್‌ಟಾಪಿನಿಂದ ಅದೇ ಫೋಲ್ಡರ್ ತೆರೆಯುತ್ತಾಳೆ. ಹಾಗಾಗಿ ಪ್ರೈವೇಟ್.

ಮೊದಲು 'ಅಡ್ವಾನ್ಸ್‌ಡ್ ಶೇರಿಂಗ್ ಸೆಟ್ಟಿಂಗ್ಸ್'ನಲ್ಲಿ 'ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್' ಆನ್ ಮಾಡಿದೆ. ಕಂಪ್ಯೂಟರ್ ಜೋಡಿಸಿಕೊಟ್ಟವರು ಅದನ್ನು ಆಫ್ ಮಾಡಿದ್ದರಿಂದಲೇ ಹುಡುಗನಿಗೆ ಎಲ್ಲ ತೆರೆದುಕೊಂಡಿದ್ದು. ಹುಡುಗಿಗೆ ನನ್ನ ಕಂಪ್ಯೂಟರಿನಲ್ಲಿ ಬೇರೆ ಖಾತೆ ಮಾಡಿ, ಬೇಕಾದ ಎರಡು ಫೋಲ್ಡರನ್ನಷ್ಟೇ ಹಂಚಿದೆ.

ಎರಡನ್ನೂ ಜೋಡಿಸುವುದು

ಈ ಭಾಗವೇ ನನಗೆ ಎಲ್ಲಕ್ಕಿಂತ ಇಷ್ಟ. ರೂಟರ್ ಮತ್ತು ಕಂಪ್ಯೂಟರ್ ಒಂದರ ಕೈ ಒಂದು ಹಿಡಿಯುವುದು ಇಲ್ಲೇ.

ಮನೆಯ ಯಂತ್ರಗಳಿಗೆ ವಿಳಾಸ ಹಂಚುವ ರೂಟರಿನ ಡಿಎಚ್‌ಸಿಪಿ ಪುಟದಲ್ಲಿ 'ಅಡ್ರೆಸ್ ರಿಸರ್ವೇಶನ್' ಇರುತ್ತದೆ. ಅಲ್ಲಿ ನನ್ನ ಕಂಪ್ಯೂಟರಿಗೆ ಯಾವಾಗಲೂ 192.168.1.20, ಹುಡುಗಿಯ ಲ್ಯಾಪ್‌ಟಾಪಿಗೆ ಯಾವಾಗಲೂ 192.168.1.21 ಸಿಗುವಂತೆ ಬರೆದೆ. ಆ ಲ್ಯಾಪ್‌ಟಾಪಿನ ವೈಫೈಯಲ್ಲಿ 'ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್' ಆಫ್ ಇರಬೇಕು. ಇಲ್ಲದಿದ್ದರೆ ರೂಟರಿಗೆ ಅದರ ಗುರುತು ಸಿಗುವುದಿಲ್ಲ.

ಆಮೇಲೆ ನನ್ನ ಕಂಪ್ಯೂಟರಿನಲ್ಲಿ ಫೈರ್‌ವಾಲ್‌ನ 'ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್', ಅದರಲ್ಲಿ 'ಇನ್‌ಬೌಂಡ್ ರೂಲ್ಸ್', ಅಂದರೆ ಒಳಗೆ ಬರುವವರ ನಿಯಮಗಳು. ಉದ್ದದ ಪಟ್ಟಿ. 'ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್' ಎಂದು ಶುರುವಾಗಿ 'ಎಸ್‌ಎಂಬಿ-ಇನ್' ಎಂದು ಮುಗಿಯುವ ಸಾಲು ಹುಡುಕಿ. ಹೊಸ ವಿಂಡೋಸ್‌ನಲ್ಲಿ ನಡುವೆ 'ರಿಸ್ಟ್ರಿಕ್ಟಿವ್' ಎಂಬ ಮಾತೂ ಇರಬಹುದು. ಒಂದಕ್ಕಿಂತ ಜಾಸ್ತಿ ಸಾಲು ಕಂಡರೆ ಹಸಿರು ಗುರುತು ಇರುವ, ಪ್ರೈವೇಟ್‌ಗೆ ಅನ್ವಯಿಸುವ ಪ್ರತಿಯೊಂದನ್ನೂ ತೆರೆಯಿರಿ. 'ಸ್ಕೋಪ್' ಟ್ಯಾಬಿನಲ್ಲಿ 'ರಿಮೋಟ್ ಐಪಿ ಅಡ್ರೆಸ್' ಎದುರು 'ಲೋಕಲ್ ಸಬ್‌ನೆಟ್' ಎಂದಿತ್ತು. ಅಂದರೆ ಮನೆಯ ನೆಟ್‌ವರ್ಕಿನಲ್ಲಿ ಇರುವವರೆಲ್ಲ ಬಾಗಿಲು ತಟ್ಟಬಹುದು. ಟಿವಿಯೂ, ಡಿವಿಆರೂ. ಅದನ್ನು ತೆಗೆದು 192.168.1.21 ಒಂದನ್ನೇ ಬರೆದೆ. ಅಷ್ಟೇ. ಈಗ 445ನೇ ಬಾಗಿಲು ಆ ಒಂದು ಲ್ಯಾಪ್‌ಟಾಪಿಗೆ ಮಾತ್ರ ತೆರೆಯುತ್ತದೆ.

'ಉಳಿದವರಿಗೆ ಬ್ಲಾಕ್' ಎಂದು ಇನ್ನೊಂದು ರೂಲ್ ಬರೆಯಲು ಹೋಗಬೇಡಿ. ವಿಂಡೋಸ್‌ನಲ್ಲಿ ಬ್ಲಾಕ್ ಎಂಬುದು ಅಲೋ ಎಂಬುದನ್ನು ಮೀರಿಸುತ್ತದೆ. ಎಲ್ಲರನ್ನೂ ತಡೆಯುವ ರೂಲ್ ಬರೆದರೆ ಹುಡುಗಿಯೂ ಹೊರಗೇ. ಬಿಡುವ ರೂಲನ್ನೇ ಕಿರಿದು ಮಾಡುವುದು ಸರಿಯಾದ ದಾರಿ.

ಇನ್ನೊಂದು ವಿಷಯಕ್ಕೆ ನಾನು ಒಂದು ಗಂಟೆ ತಲೆ ಕೆಡಿಸಿಕೊಂಡೆ. ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಫೋಲ್ಡರನ್ನು ಕಂಪ್ಯೂಟರಿನ ಹೆಸರಿನಿಂದ ತೆರೆಯದೆ 192.168.1.20 ಎಂಬ ಸಂಖ್ಯೆಯಿಂದಲೇ ತೆರೆಯಿರಿ. ಹೆಸರಿನಿಂದ ಹೋದರೆ ಅದು ಐಪಿವಿ6 ದಾರಿ ಹಿಡಿಯಬಹುದು. ನಮ್ಮ ರೂಲಿನಲ್ಲಿ ಆ ದಾರಿಗೆ ಜಾಗವಿಲ್ಲ.

ವಿಳಾಸ ಎಂಬುದು ಗುರುತಿನ ಚೀಟಿ ಅಲ್ಲ ಎಂಬುದೂ ತಿಳಿದಿರಲಿ. ಗೊತ್ತಿರುವವರು ತಮ್ಮ ಲ್ಯಾಪ್‌ಟಾಪಿಗೆ 21ನೇ ಸಂಖ್ಯೆ ತಾವೇ ಹಾಕಿಕೊಳ್ಳಬಹುದು. ಅದಕ್ಕೇ ಪಾಸ್‌ವರ್ಡೂ ಬೇಕು, ಗೆಸ್ಟ್ ವೈಫೈಯೂ ಬೇಕು.

ಹೊಸ ಪ್ರೋಗ್ರಾಂ ಹಾಕಿದಾಗ "ಈ ಆ್ಯಪ್‌ಗೆ ನೆಟ್‌ವರ್ಕ್ ಬಿಡಲೇ?" ಎಂಬ ಕಿಟಕಿ ಬರುತ್ತದೆ. ಎಲ್ಲರೂ ಓದದೆ ಅಲೋ ಒತ್ತುತ್ತಾರೆ. ಆ ಪ್ರಶ್ನೆ ಹೊರಗಿನವರು ಆ ಪ್ರೋಗ್ರಾಮಿನ ಬಾಗಿಲು ತಟ್ಟಬಹುದೇ ಎಂಬುದರ ಬಗ್ಗೆ. ಕ್ಯಾನ್ಸಲ್ ಒತ್ತಿದರೂ ಆ ಪ್ರೋಗ್ರಾಂ ಇಂಟರ್‌ನೆಟ್‌ಗೆ ಹೋಗುತ್ತದೆ. ಗೊತ್ತಿಲ್ಲದ್ದಕ್ಕೆ ಕ್ಯಾನ್ಸಲ್ ಒತ್ತಿ, ಏನಾದರೂ ನಿಂತರೆ ಆಮೇಲೆ ಬಿಡಬಹುದು. ಹಾಗೆಯೇ, ಮನೆಯ ಕಂಪ್ಯೂಟರನ್ನು ಹೊರಗಿನಿಂದ ಬಳಸಲು ರಿಮೋಟ್ ಡೆಸ್ಕ್‌ಟಾಪಿನ 3389ನೇ ಪೋರ್ಟನ್ನು ರೂಟರಿನಲ್ಲಿ ತೆರೆಯಲೇಬೇಡಿ. ಬೇಕೆಂದರೆ ವಿಪಿಎನ್, ಅಂದರೆ ಹೊರಗಿನಿಂದ ಮನೆಯ ನೆಟ್‌ವರ್ಕಿಗೆ ಬರುವ ಗುಪ್ತ ದಾರಿ, ಹಾಕಿಕೊಳ್ಳಿ.

ಲಿನಕ್ಸ್ ಉಬುಂಟು, ಆ್ಯಪಲ್ ಮ್ಯಾಕ್ ಬಳಸುವವರೇ, ನಿಮ್ಮಲ್ಲಿ ಫೈರ್‌ವಾಲ್ ಇದೆ, ಆದರೆ ನೀವೇ ಆನ್ ಮಾಡಬೇಕು. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಒಳಗಿದೆ. ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯೂ ಎಂಬುದಿದೆ.

ಮೂರನೇ ಸಂಜೆ: ತಟ್ಟಿ ನೋಡುವುದು

ಬೀಗ ಹಾಕಿದ ಮೇಲೆ ಒಮ್ಮೆ ಎಳೆದು ನೋಡುತ್ತೇವಲ್ವಾ, ಹಾಗೆ. ಗೇಟಿಗೆ, ಗಿಬ್ಸನ್ ರಿಸರ್ಚ್‌ನವರ 'ಶೀಲ್ಡ್ಸ್ ಅಪ್' ಎಂಬ ಉಚಿತ ಪರೀಕ್ಷೆ ಇದೆ. ಅದು ನಿಮ್ಮ ಐಪಿವಿ4 ವಿಳಾಸದ ಮೊದಲ 1056 ಪೋರ್ಟುಗಳನ್ನು ಹೊರಗಿನಿಂದ ತಟ್ಟಿ ನೋಡುತ್ತದೆ. ಎಲ್ಲವೂ 'ಸ್ಟೆಲ್ತ್' (ತಟ್ಟಿದರೆ ಉತ್ತರವೇ ಇಲ್ಲ) ಅಥವಾ 'ಕ್ಲೋಸ್ಡ್' (ಮುಚ್ಚಿದೆ) ಬರಬೇಕು. 'ಓಪನ್' ಬಂದರೆ ಫಾರ್ವರ್ಡಿಂಗ್ ಪುಟಕ್ಕೆ ವಾಪಸ್ ಹೋಗಿ. 8000ದಂಥ ದೊಡ್ಡ ಸಂಖ್ಯೆಗಳು ಆ 1056ರಲ್ಲಿ ಬರುವುದಿಲ್ಲ, ಅವನ್ನು ಬೇರೆಯಾಗಿ ಕೊಟ್ಟು ಪರೀಕ್ಷಿಸಿ.

ಒಂದು ಎಚ್ಚರ. ರೂಟರಿನ ಸ್ಟೇಟಸ್ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಶುರುವಾದರೆ ನೀವು ಕಂಪನಿಯವರ ದೊಡ್ಡ ಗೇಟಿನ ಹಿಂದೆ ಇದ್ದೀರಿ. ಆಗ ಈ ಪರೀಕ್ಷೆ ತಟ್ಟುವುದು ಅವರ ಗೇಟನ್ನು, ನಿಮ್ಮದನ್ನಲ್ಲ. ಅದನ್ನು ನಂಬಿ ಸುಮ್ಮನಾಗಬೇಡಿ.

ಬೀರುವಿಗೆ ಪರೀಕ್ಷೆ ಮನೆಯಲ್ಲೇ. ಮಗನ ಲ್ಯಾಪ್‌ಟಾಪಿನಿಂದ ಮನೆಯ ವೈಫೈಯಲ್ಲಿ ನನ್ನ ಫೋಲ್ಡರ್ ತೆರೆಯಲು ನೋಡಿದೆವು. ಸ್ವಲ್ಪ ಹೊತ್ತು ತಿರುಗಿ, ಸಿಗಲಿಲ್ಲ ಎಂದಿತು. ಗೆಸ್ಟ್ ವೈಫೈಯಿಂದಲೂ ಅಷ್ಟೇ. ಹುಡುಗಿಯ ಲ್ಯಾಪ್‌ಟಾಪಿನಿಂದ ಪಾಸ್‌ವರ್ಡ್ ಕೇಳಿ ತೆರೆಯಿತು. ಮೂರೂ ಸರಿ ಬಂದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಯಾವ ಪುಟದಲ್ಲಿ ಏನು ಬದಲಿಸಿದೆ ಎಂದು ಸಾಲಾಗಿ ಬರೆದಿಟ್ಟೆ.

ಆ ನೋಟ್‌ಬುಕ್ ನವೆಂಬರಿನಲ್ಲಿ ಕೆಲಸಕ್ಕೆ ಬಂತು. ಬೆಳಿಗ್ಗೆ ಹುಡುಗಿ, "ಮೇಡಂ, ಫೋಲ್ಡರ್ ಓಪನ್ ಆಗ್ತಿಲ್ಲ" ಎಂದಳು. ನೋಡಿದರೆ, ಹಿಂದಿನ ದಿನ ನಾನಿಲ್ಲದಾಗ ಫೈಬರ್ ಕೆಟ್ಟು, ರಿಪೇರಿಗೆ ಬಂದವರು ರೂಟರನ್ನೇ ಬದಲಿಸಿ ಹೋಗಿದ್ದರು. ಹೊಸ ಪೆಟ್ಟಿಗೆಗೆ ಮನೆಯ ಹಳೆಯ ವೈಫೈ ಹೆಸರು, ಪಾಸ್‌ವರ್ಡೇ ಇಟ್ಟಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಒಳಗೆ ಯುಪಿಎನ್‌ಪಿ ಆನ್, ಅಡ್ಮಿನ್ ಪಾಸ್‌ವರ್ಡ್ ಚೀಟಿಯಲ್ಲಿದ್ದದ್ದೇ, ನಾನು ಕಾದಿರಿಸಿದ ವಿಳಾಸಗಳು ಒಂದೂ ಇಲ್ಲ. ನನ್ನ ಕಂಪ್ಯೂಟರ್ ಮಾತ್ರ ಇದನ್ನು ಹೊಸ ನೆಟ್‌ವರ್ಕ್ ಎಂದು ತಿಳಿದು ಪಬ್ಲಿಕ್‌ಗೆ ಬದಲಾಗಿತ್ತು. ಹುಡುಗಿಯೂ ಸೇರಿ ಒಬ್ಬರಿಗೂ ಬಾಗಿಲು ತೆರೆದಿರಲಿಲ್ಲ. ನೋಟ್‌ಬುಕ್ ತೆಗೆದು ಮೊದಲ ಸಾಲಿನಿಂದ ಶುರು ಮಾಡಿದೆ. ನಲವತ್ತು ನಿಮಿಷದಲ್ಲಿ ಎಲ್ಲ ಮೊದಲಿನಂತಾಯಿತು. ಕೊನೆಗೆ ಇನ್ನೊಂದು ಸಾಲು ಸೇರಿಸಿದೆ: 'ರಿಪೇರಿಯವರು ಬಂದು ಹೋದ ದಿನ ರೂಟರ್ ಪುಟ ತೆರೆದು ನೋಡಬೇಕು.'